ಕಾಲುಚೀಲದ ಮನೆ ಮತ್ತು ಒಂದು ಸೇವಂತಿಗೆ ತೊಟ್ಟು

ಯಾರ ಮನೆಗೆ ಹೋದರೂ, ಒಳಗೆ ಕುಕ್ಕರ್ ಇಟ್ಟಿದ್ದಾರೆಂದು ಗೊತ್ತಾದರೆ ನನ್ನ ಕಿವಿ ಅಡುಗೆಮನೆಗೆ ಹೋಗಿಬಿಡುತ್ತದೆ. ಎದುರಿಗೆ ಕೂತವರು ಮಗಳ ಮದುವೆಯ ಸುದ್ದಿ ಹೇಳುತ್ತಿರುತ್ತಾರೆ, ನಾನು ಹೂಂಗುಟ್ಟುತ್ತಾ ಮೊದಲ ಸೀಟಿಗೆ ಕಾಯುತ್ತಿರುತ್ತೇನೆ. ಸೀಟಿ ಬಂದರೆ ಕಾಫಿ ಲೋಟ ಕೈಗೆತ್ತಿಕೊಳ್ಳುತ್ತೇನೆ. ತಡವಾದರೆ ಫೋನ್ ಬಂತು ಎಂದು ಸುಳ್ಳು ಹೇಳಿ ಅಂಗಳಕ್ಕೆ ಬಂದು ನಿಲ್ಲುತ್ತೇನೆ.

ಕಳೆದ ವರ್ಷ ಆಯುಧಪೂಜೆಯ ಮೂರನೇ ದಿನ, ಶಿಕಾರಿಪುರದಲ್ಲಿ ನಮ್ಮ ಮನೆಯ ಪಕ್ಕದ ಕಾಲುಚೀಲದ ಶೆಡ್ಡಿನಲ್ಲಿ ಹಬೆಯ ಡ್ರಮ್ಮು ಸಿಡಿಯಿತು. ಒಳಗೆ ನನ್ನ ಚಿಕ್ಕಪ್ಪ ಇದ್ದರು. ಅವರಿಗೆ ಕಿವಿ ಕೇಳುವುದಿಲ್ಲ. ಬಾಗಿಲಲ್ಲಿ ನಾನಿದ್ದೆ. ಚಿಕ್ಕಪ್ಪ ಬದುಕಿದರು, ಒಂದು ಕೂದಲೂ ಕೊಂಕಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಹೇಳಲು ಕಷ್ಟವಾದದ್ದು ಬೇರೆ. ಡ್ರಮ್ಮು ಸಿಡಿದದ್ದು ಚಿಕ್ಕಪ್ಪನ ಮರೆವಿನಿಂದ ಎಂದು ಮನೆಯವರೆಲ್ಲ ತಿಳಿದರು. ಚಿಕ್ಕಪ್ಪನೂ ಹಾಗೇ ತಿಳಿದು, ನಲವತ್ತು ವರ್ಷ ಕೈಯಾಡಿಸಿದ ಮೆಷಿನ್‌ಗಳನ್ನು ಮುಟ್ಟುವುದನ್ನೇ ಬಿಟ್ಟರು. ಅದು ನನ್ನ ಕೈಯಿಂದ ಆದದ್ದೆಂದು ಗೊತ್ತಿದ್ದವಳು ನಾನೊಬ್ಬಳೇ. ಸುಮ್ಮನಿದ್ದೆ.

ಕುಕ್ಕರಿನ ಸೀಟಿಗೂ ಕಾಲುಚೀಲಕ್ಕೂ ಏನು ಸಂಬಂಧ ಎಂದು ಹೇಳಬೇಕಾದರೆ ಅಜ್ಜನಿಂದ ಶುರುಮಾಡಬೇಕು.

ಅಜ್ಜ ಸೈಕಲ್ಲಿನ ಹಿಂದೆ ಗಂಟು ಕಟ್ಟಿಕೊಂಡು ಆನವಟ್ಟಿ ಸಂತೆಯಲ್ಲಿ ಬನಿಯನ್ನು, ಟವೆಲ್ಲು ಮಾರುತ್ತಿದ್ದರು. ಅಪ್ಪ ಶಾಲೆಗೆ ಹೋಗುವ ಹೊತ್ತಿಗೆ ಶಾಲೆಯಲ್ಲಿ ಬೂಟು, ಕಾಲುಚೀಲ ಕಡ್ಡಾಯ ಮಾಡಿದರು. ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಕಾಲುಚೀಲ ಎರಡು ಒಗೆತಕ್ಕೆ ಸಡಿಲವಾಗಿ ಕಣಕಾಲಿಗೆ ಇಳಿಯುತ್ತಿತ್ತು. ಮಕ್ಕಳು ಅದನ್ನು ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸುತ್ತಿದ್ದರು. ಒಂದು ಸಂಜೆ ಅಪ್ಪನ ಕಾಲು ತೊಳೆಸುವಾಗ ಅಜ್ಜಿ ಮೊಣಕಾಲಿನ ಕೆಳಗೆ ಕೆಂಪಗೆ ಕೊರೆದ ಗೆರೆ ನೋಡಿದರು. ಅಜ್ಜನನ್ನು ಕರೆದು ತೋರಿಸಿ, "ಊರಿಗೆಲ್ಲ ಬಟ್ಟೆ ಮಾರ್ತೀರಿ, ಮಗನ ಕಾಲಿಗೆ ದನಕ್ಕೆ ಹಗ್ಗ ಕಟ್ಟಿದಂಗೆ ಕಟ್ಟೀರಿ" ಎಂದರಂತೆ.

ಮುಂದಿನ ಸಲ ಮಾಲು ತರಲು ದಾವಣಗೆರೆಗೆ ಹೋದ ಅಜ್ಜ, ಟವೆಲ್ಲಿನ ಬದಲು ಒಂದು ಕಬ್ಬಿಣದ ಯಂತ್ರವನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದರು. ದುಂಡಗಿನ ಬಾಯಿ, ಸುತ್ತಲೂ ಸಣ್ಣ ಸೂಜಿಗಳು, ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಹಿಡಿ. ಯಾರೋ ಬಳಸಿ ಬಿಟ್ಟದ್ದು. ನೋಡಲು ಥೇಟ್ ಶ್ಯಾವಿಗೆ ಒತ್ತುವ ಯಂತ್ರ. ಅಜ್ಜಿಗೆ ಬಹಳ ಖುಷಿಯಾಯಿತು. ಬೀದಿಯ ಹೆಂಗಸರೆಲ್ಲ ಸೇರಿದ್ದರು. ಅಜ್ಜಿ ಮೊದಲು ಕೇಳಿದ ಪ್ರಶ್ನೆ, "ಹಿಟ್ಟು ಎಲ್ಲಿ ಹಾಕೋದು?"

ಕಾಲುಚೀಲ ಮಾಡುವ ಯಂತ್ರವೆಂದು ಗೊತ್ತಾದ ಮೇಲೆ ಎರಡು ದಿನ ಮಾತು ಬಿಟ್ಟರಂತೆ. ಮೂರನೇ ದಿನ ಅಜ್ಜ ಸಂತೆಗೆ ಹೋದಾಗ ತಾವೇ ಹಿಡಿ ತಿರುಗಿಸಿ ನೋಡಿದರು. ಸಂಜೆ ಅಜ್ಜ ಬರುವ ಹೊತ್ತಿಗೆ ಯಂತ್ರದ ಕೆಳಗೆ ಒಂದು ಮೊಳ ಉದ್ದದ ನೂಲಿನ ಕೊಳವೆ ಇಳಿದಿತ್ತು. ಹಿಮ್ಮಡಿಯಿಲ್ಲ, ತುದಿಯಿಲ್ಲ. ಅಜ್ಜ ಅದನ್ನೇ ಕಾಲಿಗೆ ಏರಿಸಿಕೊಂಡು ಅಂಗಳದಲ್ಲಿ ಓಡಾಡಿ, "ಬೆರಳಿಗೆ ಗಾಳಿ ಆಡ್ತತೆ, ಇದೇ ಒಳ್ಳೇದು" ಎಂದರು.

ಹಿಮ್ಮಡಿ ತಿರುಗಿಸುವುದನ್ನು ಅಜ್ಜಿಗೆ ಯಾರೂ ಕಲಿಸಲಿಲ್ಲ. ಅಂಗಡಿಯ ಒಂದು ಕಾಲುಚೀಲವನ್ನು ತಂದು, ತುದಿಯಿಂದ ಒಂದೊಂದೇ ಸುತ್ತು ಬಿಚ್ಚುತ್ತಾ ಹೋದರು. ನೂಲು ಸುಮ್ಮನೆ ಸುತ್ತುತ್ತಿದ್ದದ್ದು ಹಿಮ್ಮಡಿಯ ಹತ್ತಿರ ಬಂದಾಗ ಅರ್ಧ ಸುತ್ತಿ ಹಿಂದಕ್ಕೆ ಬರುತ್ತಿತ್ತು, ಮತ್ತೆ ಅರ್ಧ ಹೋಗಿ ಹಿಂದಕ್ಕೆ. ಅಷ್ಟು ಕಂಡದ್ದೇ ಸಾಕಾಯಿತು. ಅರ್ಧ ಸೂಜಿಗಳನ್ನು ಮೇಲೆತ್ತಿಟ್ಟು, ಉಳಿದರ್ಧದ ಮೇಲೆ ಹಿಡಿಯನ್ನು ತೊಟ್ಟಿಲು ತೂಗಿದ ಹಾಗೆ ಆಚೆ ಈಚೆ ಆಡಿಸಿದರು. ಹಿಮ್ಮಡಿ ಮೂಡಿತು. ನಾನು ಭೌತಶಾಸ್ತ್ರ ಓದಿ ಡಿಗ್ರಿ ತಗೊಂಡವಳು. ಹಾಗೆ ಬಿಚ್ಚಿ ನೋಡಿ ಕಲಿತ ಪಾಠ ನನ್ನ ಹತ್ತಿರ ಒಂದೂ ಇಲ್ಲ.

ಆಮೇಲೆ ಅಳತೆ. ಹೆಣೆದ ಕಾಲುಚೀಲವನ್ನು ಮರದ ಕಾಲಿಗೆ ಹಾಕಿ ಆಕಾರ ಹಿಡಿಸಬೇಕು. ಅಜ್ಜಿಯ ತವರು ಸೊರಬದ ಹತ್ತಿರದ ಜಡೆ. ಅಲ್ಲಿಯ ಬಡಗಿಯೊಬ್ಬರು ಮರದ ಕಾಲು ಕೆತ್ತಿಕೊಡಲು ಒಪ್ಪಿ, ಅಳತೆ ಕೊಡಿ ಎಂದರು. ಅಜ್ಜಿ ತಮ್ಮ ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ, ಬಡಗಿಯ ಮನೆಯ ಅಂಗಳದಲ್ಲಿ ಹಸಿ ಜೇಡಿಮಣ್ಣು ಹರಡಿ ಅದರ ಮೇಲೆ ನಿಲ್ಲಿಸಿದರು. ಬಡಗಿ ಆ ಹೆಜ್ಜೆಗುರುತು ನೋಡಿ ಹಲಸಿನ ಮರದಲ್ಲಿ ಕಾಲು ಕೆತ್ತಿದರು. ಮಕ್ಕಳು ಬೆಳೆದ ಹಾಗೆ ಪ್ರತಿ ಬೇಸಿಗೆ ಜಡೆಗೆ ಹೋಗಿ ಮಣ್ಣು ತುಳಿದು ಬರುವುದು. ಹೀಗೆ ನಮ್ಮಲ್ಲಿ ಸೈಜಿಗೆ ನಂಬರ್ ಇಲ್ಲ, ಇವತ್ತಿಗೂ ಇಲ್ಲ. 'ಅಣ್ಣನ ಎರಡನೇ ಕ್ಲಾಸು', 'ತಮ್ಮನ ಐದನೇ ಕ್ಲಾಸು' ಎಂದೇ ಲೆಕ್ಕ. ಅಣ್ಣ ಅಂದರೆ ನಮ್ಮಪ್ಪ, ತಮ್ಮ ಅಂದರೆ ಚಿಕ್ಕಪ್ಪ. ಐದನೇ ಕ್ಲಾಸಿನಲ್ಲಿದ್ದಾಗ ಚಿಕ್ಕಪ್ಪ ಕಲ್ಲು ಎಡವಿ ಎಡಗಾಲಿನ ಹೆಬ್ಬೆರಳು ಊದಿಸಿಕೊಂಡಿದ್ದರು. ಬಡಗಿ ಪ್ರಾಮಾಣಿಕರು, ಊತವನ್ನೂ ಕೆತ್ತಿದರು. ಹಾಗಾಗಿ ಆ ಸೈಜಿನ ಕಾಲುಚೀಲದಲ್ಲಿ ಹೆಬ್ಬೆರಳಿಗೆ ಸ್ವಲ್ಪ ಜಾಗ ಜಾಸ್ತಿ.

ನಾನೀಗ ದಿನಾ ಬಸ್ಸಿನಲ್ಲಿ ಸೊರಬಕ್ಕೆ ಹೋಗಿ ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ನಾನು ಮುಖ ನೋಡುವ ಮೊದಲು ಕಾಲು ನೋಡುತ್ತೇನೆ. ಅಲ್ಲಿ ಅಪ್ಪನ ಒಂಬತ್ತನೇ ಕ್ಲಾಸು ಆಕಳಿಸುತ್ತಾ ನಿಂತಿರುತ್ತದೆ. ಪಕ್ಕದಲ್ಲಿ ಚಿಕ್ಕಪ್ಪನ ಎಂಟನೇ ಕ್ಲಾಸು ಮುಂದಿನವಳ ಜಡೆ ಎಳೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ನನಗೆ ಬರುವ ನಗುವನ್ನು ಹೆಡ್‌ಮಾಸ್ಟರು ದೇಶಭಕ್ತಿ ಎಂದು ತಿಳಿದಿದ್ದಾರೆ.

ಕೈಯಂತ್ರಕ್ಕೆ ಮೋಟಾರು ಬಂತು. ಆಮೇಲೆ ದೊಡ್ಡ ಮೆಷಿನ್ ಬಂತು, ಅದರ ಪಕ್ಕಕ್ಕೆ ಇನ್ನೆರಡು. ಅಪ್ಪ ಮಾಲು ಹೊತ್ತು ಸೊರಬ, ಆನವಟ್ಟಿ ತಿರುಗಿದರು. ಚಿಕ್ಕಪ್ಪ ಮೆಷಿನ್ ಹಿಡಿದರು. ಕಾಲುಚೀಲದ ಮೂತಿ ಹೊಲಿಯುವ ಕೆಲಸ ಮಾತ್ರ ಮೆಷಿನ್ನಿಗೆ ಹೋಗಲಿಲ್ಲ. ಅದು ಜಗಲಿಯ ಮೇಲೆ ಅಜ್ಜಿಯ ಜೊತೆ ಕೂರುವ ಬೀದಿಯ ಮೂವರು ಹೆಂಗಸರದು. ಅವರ ಕೈ ಕಾಲುಚೀಲದ ತುದಿ ಮುಚ್ಚುತ್ತದೆ, ಬಾಯಿ ಊರಿನ ಗುಟ್ಟು ಬಿಚ್ಚುತ್ತದೆ. "ನಿಮ್ಮ ಕಾಲುಚೀಲ ಹಾಕ್ಕೊಂಡ್ರೆ ಯಾರ ಮನೆ ಜಗಳ ಕಾಲಿಗೆ ಸುತ್ತಿಕೊಂಡೀವೋ ಏನೋ ಕಣ್ರೀ" ಎಂದು ಎದುರಿನ ಹಿಟ್ಟಿನ ಗಿರಣಿಯವರು ಅಣಕಿಸುತ್ತಿದ್ದರು.

ಮೂರು ಮೆಷಿನ್ ಒಟ್ಟಿಗೆ ಓಡಿದರೆ ಶೆಡ್ಡಿನೊಳಗೆ ಮಾತು ಕೇಳುವುದಿಲ್ಲ. ವರ್ಷಗಟ್ಟಲೆ ಅದರ ಮಧ್ಯೆಯೇ ನಿಂತ ಚಿಕ್ಕಪ್ಪನಿಗೆ ಹೊರಗೆ ಬಂದರೂ ಕೇಳದಂತಾಯಿತು. ಅವರಿಗೆ ಬೇಸರವೇನೂ ಇಲ್ಲ. "ಕೇಳೋ ಅಂಥದ್ದು ಯಾರೂ ಏನೂ ಹೇಳಲ್ಲ ಬಿಡು" ಎನ್ನುತ್ತಾರೆ. ಮೆಷಿನ್ನಿನ ಆರೋಗ್ಯವನ್ನು ಅವರು ಅಂಗಾಲಿನಿಂದ ತಿಳಿಯುತ್ತಾರೆ. ಶೆಡ್ಡಿನಲ್ಲಿ ಚಪ್ಪಲಿ ಹಾಕುವುದಿಲ್ಲ, ಊರಿಗೆಲ್ಲ ಕಾಲುಚೀಲ ಮಾಡುವವರು ತಾವು ಎಂದೂ ಕಾಲುಚೀಲ ಹಾಕಿದವರಲ್ಲ. ನೆಲದ ನಡುಕದಲ್ಲಿ ಒಂದು ಎಳೆ ತಪ್ಪಿದರೂ, ಇನ್ನೊಂದು ಮೂಲೆಯಲ್ಲಿರುವ ಮೆಷಿನ್ನಿನ ಹತ್ತಿರ ನೆಟ್ಟಗೆ ಹೋಗಿ ಮುರಿದ ಸೂಜಿಯ ಮೇಲೇ ಬೆರಳಿಡುತ್ತಾರೆ.

ಹಬೆಯ ಡ್ರಮ್ಮು ಬಂದದ್ದು ಸೊರಬದ ಅಂಗಡಿಯವರೊಬ್ಬರ ಮಾತಿನಿಂದ. "ಮಾಲು ಗಟ್ಟಿ ಐತ್ರಿ. ಆದ್ರೆ ನೋಡಕ್ಕೆ ಎಮ್ಮೆ ಮೆಲುಕು ಹಾಕಿ ಉಗುಳಿದಂಗೆ ಐತಲ್ರಿ" ಎಂದರಂತೆ. ಮರದ ಕಾಲಿಗೆ ಹಾಕಿದ ಕಾಲುಚೀಲಕ್ಕೆ ಹಬೆ ಕೊಟ್ಟರೆ ಸುಕ್ಕು ಹೋಗಿ ನೆಟ್ಟಗಾಗುತ್ತದೆಂದು ಅಜ್ಜ ವಿಚಾರಿಸಿಕೊಂಡು ಬಂದರು. ವೆಲ್ಡಿಂಗ್‌ನವರಿಂದ ದಪ್ಪ ತಗಡಿನ ಡ್ರಮ್ಮು ಮಾಡಿಸಿ ಒಲೆಯ ಮೇಲೆ ಕೂರಿಸಿದರು. ಅದರಿಂದ ಒಂದು ಪೈಪು ಮರದ ಪೆಟ್ಟಿಗೆಗೆ, ನಡುವೆ ಒಂದು ನಲ್ಲಿ. ಪೆಟ್ಟಿಗೆಯೊಳಗೆ ಕಾಲುಚೀಲ ತೊಟ್ಟ ಮರದ ಕಾಲುಗಳು ಸಾಲಾಗಿ ನಿಲ್ಲುತ್ತವೆ. ಎಲ್ಲ ಆದ ಮೇಲೆ ಅಜ್ಜಿ ಡ್ರಮ್ಮನ್ನು ಸುತ್ತಿ ನೋಡಿ, "ಸೀಟಿ ಎಲ್ಲೈತಿ?" ಎಂದರು. "ಸೀಟಿ ಇಲ್ದಿದ್ರೆ ಬೆಂದಿದ್ದು ಹೆಂಗೆ ಗೊತ್ತಾಗಬೇಕು?"

ಅಜ್ಜ ನಕ್ಕರು, ಆದರೆ ವೆಲ್ಡಿಂಗ್‌ನವರು ನಗಲಿಲ್ಲ. ಡ್ರಮ್ಮಿನ ಮುಚ್ಚಳಕ್ಕೆ ಒಂದು ಸಣ್ಣ ಕೊಳವೆ ಕೂರಿಸಿ, ಅದರ ಮೇಲೆ ದೊಡ್ಡ ಕುಕ್ಕರಿನ ಸೀಟಿ ಇಡುವ ಹಾಗೆ ಮಾಡಿಕೊಟ್ಟರು. ಅಂದಿನಿಂದ ನಮ್ಮ ಕಾಲುಚೀಲ ಬೇಯುವುದು ತೊಗರಿಬೇಳೆಯ ಹಾಗೆ, ಮೂರು ಸೀಟಿಗೆ. ಮೂರನೇ ಸೀಟಿಗೆ ನಲ್ಲಿ ತಿರುಗಿಸಿದರೆ ಹಬೆ ಪೆಟ್ಟಿಗೆಗೆ ಹೋಗುತ್ತದೆ. ಚಿಕ್ಕಪ್ಪನಿಗೆ ಸೀಟಿ ಕೇಳದಾದ ಮೇಲೆ ಎಣಿಸುವ ಕೆಲಸ ಜಗಲಿಯಲ್ಲಿದ್ದ ಅಜ್ಜಿಯದಾಯಿತು. ಎಂಥ ರುಚಿಯಾದ ಸುದ್ದಿ ನಡೆಯುತ್ತಿದ್ದರೂ ಅಜ್ಜಿಯ ಎಣಿಕೆ ತಪ್ಪುತ್ತಿರಲಿಲ್ಲ. ಮೂರಾದ ಕೂಡಲೇ ಕೂತಲ್ಲಿಂದಲೇ ಕೈ ಚಾಚಿ, ಬಾಗಿಲ ಪಕ್ಕದ ಬೋರ್ಡಿನಲ್ಲಿ ಒಳಗಿನ ದೀಪವನ್ನು ಒಮ್ಮೆ ಆರಿಸಿ ಹೊತ್ತಿಸುತ್ತಿದ್ದರು. ಅದನ್ನು ನೋಡಿ ಚಿಕ್ಕಪ್ಪ ಡ್ರಮ್ಮಿನ ಹತ್ತಿರ ಹೋಗಿ ನಲ್ಲಿ ತಿರುಗಿಸುತ್ತಿದ್ದರು.

ಡ್ರಮ್ಮಿಗೆ ಅಜ್ಜ ಮಾಡಿಟ್ಟ ನಿಯಮ ಒಂದೇ. ದಿನಾ ಬೆಳಿಗ್ಗೆ ಕೊಳವೆಗೆ ಬಾಯಿಟ್ಟು ಊದಿ, ಗಾಳಿ ಸಲೀಸಾಗಿ ಹೋದರೆ ಮಾತ್ರ ಸೀಟಿ ಕೂರಿಸಬೇಕು. ಊದದೆ ಸೀಟಿ ಕೂರಿಸುವಂತಿಲ್ಲ. ಆದ್ದರಿಂದ ಸೀಟಿ ಕೂತಿದೆ ಅಂದರೆ ಊದಿಯಾಗಿದೆ ಎಂದೇ ಅರ್ಥ. ಅಜ್ಜ ಹೋದ ಮೇಲೂ ಚಿಕ್ಕಪ್ಪ ಇದನ್ನು ಒಂದು ದಿನ ತಪ್ಪಿಸಲಿಲ್ಲ.

ಕಳೆದ ವರ್ಷದ ಆಯುಧಪೂಜೆ. ನಮ್ಮ ಮನೆಯಲ್ಲಿ ಇಡೀ ವರ್ಷದ ದೊಡ್ಡ ಹಬ್ಬ ಅದೇ. ಮೆಷಿನ್ನಿಗೆ ವಿಭೂತಿ, ಕತ್ತರಿಗೆ ಕುಂಕುಮ, ಹೊಲಿಗೆ ಸೂಜಿಗಳನ್ನೂ ಬಾಳೆ ಎಲೆಯ ಮೇಲೆ ಮಲಗಿಸಿ ಅಕ್ಷತೆ. ಮರದ ಕಾಲುಗಳನ್ನು ತೊಳೆದು, ಸಾಲಾಗಿ ನಿಲ್ಲಿಸಿ ಎಲ್ಲಕ್ಕೂ ಅರಿಶಿನ ಹಚ್ಚುತ್ತೇವೆ, ಮದುವೆಮನೆಯ ಹಾಗಿರುತ್ತದೆ. ಹೂವಿನ ಕೆಲಸ ನನ್ನದು. ಎಲ್ಲ ಮುಗಿದಾಗ ಒಂದು ಹಳದಿ ಸೇವಂತಿಗೆ ಉಳಿಯಿತು, ಅಂಗೈಯಗಲದ್ದು. ಡ್ರಮ್ಮಿಗೆ ಹಾರ ಹಾಕಿದ್ದೆವು. ಆದರೆ ಸೀಟಿ ತೆಗೆದಿಟ್ಟಿದ್ದರಿಂದ ಮುಚ್ಚಳದ ಕೊಳವೆ ಬರಿದಾಗಿ ಕಾಣುತ್ತಿತ್ತು. ಅದರ ತೂತಿಗೆ ಸೇವಂತಿಗೆಯ ತೊಟ್ಟು ಸಿಕ್ಕಿಸಿದೆ. ಹೇಳಿ ಮಾಡಿಸಿದ ಹೂದಾನಿಯಂತೆ ಕೂತಿತು. ಅಜ್ಜಿಯೂ ಹತ್ತಿರ ಬಂದು ನೋಡಿ, "ಭಾರಿ ಚಂದ ಆತು ಕೂಸೆ, ಮದುಮಗಳಂಗೆ ಕಾಣ್ತತಿ" ಎಂದರು.

ಮರುದಿನ ವಿಜಯದಶಮಿ, ಕೆಲಸವಿಲ್ಲ. ಮೂರನೇ ದಿನ ಬೆಳಿಗ್ಗೆ ಚಿಕ್ಕಪ್ಪ ಒಳಗೆ ಬರುವ ಮೊದಲು ನಾನು ಶೆಡ್ಡಿಗೆ ಹೋದೆ. ನನಗಿನ್ನೂ ದಸರಾ ರಜೆ. ಹೂವೆಲ್ಲ ತೆಗೆಯುತ್ತಾ ಬಂದೆ. ಆ ಸೇವಂತಿಗೆ ಮಾತ್ರ ಬಾಡಿರಲಿಲ್ಲ. ಮುಡಿದುಕೊಳ್ಳೋಣ ಎಂದು ಎಳೆದೆ. ಹೂವು ಕೈಗೆ ಬಂತು. ತೊಟ್ಟು ಬರಲಿಲ್ಲ. ಅದು ನನಗೆ ಕಂಡಿತು, ಅದನ್ನೇ ನಾನು ಈಗಲೂ ದಿನಾ ನೋಡುವುದು. ಕಂಡೂ, ತೊಟ್ಟು ಕೆಳಗೆಲ್ಲೋ ಬಿದ್ದಿರಬೇಕು ಅಂದುಕೊಂಡೆ. ಪಕ್ಕದಲ್ಲೇ ತೊಳೆದಿಟ್ಟ ಸೀಟಿ ಇತ್ತು. ಚಿಕ್ಕಪ್ಪನಿಗೊಂದು ಕೆಲಸ ಕಡಿಮೆಯಾಗಲಿ ಎಂದು ಎತ್ತಿ ಕೊಳವೆಯ ಮೇಲೆ ಕೂರಿಸಿದೆ. ಹೂವಿಗೆ ಹೇರ್‌ಪಿನ್ ಹುಡುಕುತ್ತಾ ಮನೆಯೊಳಗೆ ಹೋದೆ.

ಚಿಕ್ಕಪ್ಪ ಬಂದರು. ಸೀಟಿ ಕೂತಿರುವುದನ್ನು ನೋಡಿದರು. ಒಲೆ ಹಚ್ಚಿದರು.

ನಾನು ಜಗಲಿಗೆ ಬಂದಾಗ ಹೆಂಗಸರು ಹಬ್ಬದ ಸೀರೆಗಳ ವಿಚಾರದಲ್ಲಿದ್ದರು. ಅಜ್ಜಿ ನಡುವೆ ಒಂದು ಸಲ ಮಾತು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಸಲ. ಕೈಯಲ್ಲಿದ್ದ ಕಾಲುಚೀಲ ಕೆಳಗಿಟ್ಟು ಹೇಳಿದರು, "ಇಷ್ಟೊತ್ತಿಗೆ ಮೊದಲನೇದು ಬರಬೇಕಿತ್ತಲ್ಲ. ಹೋಗಿ ನೋಡು ಕೂಸೆ."

ಬಾಗಿಲಿಗೆ ಹೋದೆ. ಮೂರೂ ಮೆಷಿನ್ ಓಡುತ್ತಿದ್ದವು. ಡ್ರಮ್ಮು ಶೆಡ್ಡಿನ ನಡುವೆ, ಅದರಾಚೆ ಹಬೆಯ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ನನಗೆ ಬೆನ್ನು ಹಾಕಿ ಚಿಕ್ಕಪ್ಪ ಮರದ ಕಾಲುಗಳನ್ನು ಜೋಡಿಸುತ್ತಿದ್ದರು. ಒಲೆ ಚೆನ್ನಾಗಿ ಉರಿಯುತ್ತಿತ್ತು. ಸೀಟಿ ಅಲ್ಲಾಡುತ್ತಿರಲಿಲ್ಲ. ಮುಚ್ಚಳದ ಅಂಚಿನಲ್ಲಿ ಒಂದು ಕಡೆಯಿಂದ ದಾರದಷ್ಟು ಸಣ್ಣ ಹಬೆ ಸುಯ್ಯೆಂದು ಅಡ್ಡಕ್ಕೆ ಚಿಮ್ಮುತ್ತಿತ್ತು. ಡ್ರಮ್ಮಿನ ಹೊಟ್ಟೆ ಉಬ್ಬಿದ ಹಾಗೆ ಕಂಡಿತು. ತಲೆಯಲ್ಲಿದ್ದ ಹೂವಿನ ಮೇಲೆ ನನ್ನ ಕೈ ಹೋಯಿತು. ತೊಟ್ಟು ಎಲ್ಲಿದೆ ಎಂದು ಆಗ ಗೊತ್ತಾಯಿತು.

"ಚಿಕ್ಕಪ್ಪಾ" ಎಂದು ಕಿರುಚಿದೆ. ಎರಡು ಸಲ. ಅವರು ಮರದ ಕಾಲು ಜೋಡಿಸುತ್ತಲೇ ಇದ್ದರು. ಓಡಿಹೋಗಿ ತೋಳು ಹಿಡಿದು ಎಳೆಯಬಹುದಿತ್ತು. ಹೋಗಲಿಲ್ಲ. ನನ್ನ ಕಾಲು ಹೋಗಲಿಲ್ಲ ಎಂದು ಬರೆದರೆ ತಪ್ಪು ಕಾಲಿನದ್ದಾಗುತ್ತದೆ. ನಾನು ಹೋಗಲಿಲ್ಲ. ಬದಲಿಗೆ ಚಿಕ್ಕಂದಿನಿಂದ ನೋಡಿದ್ದ ಒಂದೇ ಸನ್ನೆ ನೆನಪಾಗಿ, ದೀಪದ ಸ್ವಿಚ್ಚಿನ ಮೇಲೆ ಬೆರಳಿಟ್ಟೆ.

ಅಷ್ಟರಲ್ಲಿ ಅಜ್ಜಿ ಬಂದಿದ್ದರು. ಎಂಬತ್ತು ದಾಟಿದ ಕೈ ನನ್ನ ಕೈಯನ್ನು ಪಟ್ ಎಂದು ಹೊಡೆದು ಪಕ್ಕಕ್ಕೆ ಸರಿಸಿತು. ಹೆಂಗಸರ ಕಡೆ ತಿರುಗಿ, "ಏಳ್ರೇ, ಗಿರಣಿ ಕಡೆ ನಡೀರಿ" ಎಂದರು. ಆಮೇಲೆ ಮೇನ್ ಸ್ವಿಚ್ಚಿನ ಹಿಡಿಕೆಗೆ ಎರಡೂ ಕೈ ಹಾಕಿ ಕೆಳಗೆಳೆದರು.

ಮೆಷಿನ್‌ಗಳು ನಿಂತವು. ದೀಪ ಆರಿತು.

ದೀಪ ಮಿನುಗಿಸಿದ್ದರೆ ಚಿಕ್ಕಪ್ಪ ನೇರವಾಗಿ ಡ್ರಮ್ಮಿನ ಹತ್ತಿರ ಹೋಗಿ, ಬಗ್ಗಿ, ನಲ್ಲಿಗೆ ಕೈ ಹಾಕುತ್ತಿದ್ದರು. ಅಜ್ಜಿಗೆ ಅದು ಹೊಳೆದದ್ದು ಹೇಗೋ ನಾನರಿಯೆ. ಅವರು ನಂಬಿದ್ದು ಬೇರೊಂದನ್ನು. ನಮ್ಮೂರಿನಲ್ಲಿ ಕರೆಂಟ್ ಹೋದರೆ ಯಾರೂ ಒಳಗಿರುವುದಿಲ್ಲ. ಕೈಯಲ್ಲಿ ಏನೇ ಇರಲಿ, ಬೀದಿಗೆ ಬಂದು ನಿಂತು, ಎಲ್ಲರ ಮನೆಯದೂ ಹೋಗಿದೆಯೇ ಅಥವಾ ನಮ್ಮದು ಮಾತ್ರವೇ ಎಂದು ನೋಡಬೇಕು. ಎಲ್ಲರದೂ ಹೋಗಿದ್ದರೆ ಮನಸ್ಸಿಗೆ ಒಂದು ನೆಮ್ಮದಿ. ಚಿಕ್ಕಪ್ಪನಂತೂ ಇದರಲ್ಲಿ ಮೊದಲಿಗರು.

ನೆಲದ ನಡುಕ ನಿಂತದ್ದು ಅಂಗಾಲಿಗೆ ಗೊತ್ತಾಯಿತು. ತಲೆಯೆತ್ತಿ ದೀಪ ನೋಡಿದರು. ಹೆಗಲ ಟವೆಲ್ಲಿಗೆ ಕೈ ಒರೆಸಿಕೊಂಡು ಹೊರಟರು. ಪೆಟ್ಟಿಗೆಯಿಂದ ಬಾಗಿಲಿಗೆ ಹನ್ನೊಂದು ಹೆಜ್ಜೆ, ನಾನು ಆಮೇಲೆ ಎಷ್ಟೋ ಸಲ ನಡೆದು ನೋಡಿದ್ದೇನೆ. ಆರನೇ ಹೆಜ್ಜೆಗೆ ಡ್ರಮ್ಮು. ಅಲ್ಲಿಗೆ ಬಂದಾಗ ನೆಲದ ಮೇಲೆ ಬಿದ್ದಿದ್ದ ಒಂದು ಬಿಳಿ ಕಾಲುಚೀಲ ಅವರ ಕಣ್ಣಿಗೆ ಬಿತ್ತು. ನಿಂತರು. ಬಗ್ಗಿದರು. ಎತ್ತಿಕೊಂಡು, ಧೂಳು ಕೊಡವಿ, ಮಡಿಚಿ ಹೆಗಲ ಮೇಲೆ ಹಾಕಿಕೊಂಡರು. ಆ ಬಗ್ಗುವುದು ಈಗಲೂ ನನ್ನ ಕಣ್ಣ ಮುಂದೆ ಮುಗಿದಿಲ್ಲ. ಬೋರ್ಡಿನ ಮೇಲೆ ಒತ್ತಡದ ಸೂತ್ರ ಬರೆಯುವಾಗ ಬಗ್ಗುತ್ತಾರೆ, ಬಸ್ಸು ಶಿರಾಳಕೊಪ್ಪ ದಾಟುವಾಗ ಬಗ್ಗುತ್ತಾರೆ.

ಬಾಗಿಲು ದಾಟಿದರು. ನಮ್ಮನ್ನು ನೋಡಿ, "ತಗೀರಿ, ಹೋತು. ಹಬ್ಬ ಮುಗಿದ ತಕ್ಷಣ ಇವರದು ಶುರು" ಎಂದು ಕರೆಂಟಿನವರಿಗೆ ಬೈಯುತ್ತಾ ಬೀದಿಗಿಳಿದರು. ಎದುರಿನ ಗಿರಣಿ ಓಡುತ್ತಿತ್ತು. ಅದರ ಬೆಲ್ಟು ತಿರುಗುವುದು ಕಂಡು ಅವರ ಮುಖ ಬಾಡಿತು. "ಅವರಿಗೈತಲ್ಲ! ನಮ್ಮ ಫ್ಯೂಸೇ ಹೋಗಿರಬೇಕು" ಎಂದು ತಿರುಗಿ ಶೆಡ್ಡಿನ ಕಡೆಗೆ ಹೊರಟುಬಿಟ್ಟರು.

ಅಜ್ಜಿ ಅವರ ಟವೆಲ್ಲಿನ ಎರಡೂ ತುದಿ ಹಿಡಿದು, ಹಠ ಮಾಡುವ ಕರುವನ್ನು ಎಳೆದ ಹಾಗೆ ಗಿರಣಿಯ ಕಟ್ಟೆಯವರೆಗೆ ಎಳೆದರು. "ಬಿಡು ಅವ್ವಾ, ಒಲೆ ಉರೀತೈತೆ" ಎನ್ನುತ್ತಲೇ ಚಿಕ್ಕಪ್ಪ ಹಿಂದುಹಿಂದಕ್ಕೆ ಬಂದರು. ನಾನೂ ಬಂದಿದ್ದೆ, ಬಂದದ್ದು ನೆನಪಿಲ್ಲ.

ಆಗ ಸಿಡಿಯಿತು.

ಸದ್ದಿಗಿಂತ ಮೊದಲು ಶೆಡ್ಡಿನ ಶೀಟುಗಳು ಮೇಲೆದ್ದದ್ದು ಕಂಡಿತು. ಮುಚ್ಚಳ ಹಿಂದಿನ ಹಿತ್ತಲಿಗೆ ಹಾರಿತು. ಬಿಳಿ ಹಬೆಯ ದೊಡ್ಡ ಮುದ್ದೆಯೊಂದು ಆಕಾಶಕ್ಕೆ ಏರಿತು, ಅದರೊಳಗಿಂದ ಕಾಲುಚೀಲಗಳು. ಬಿಳಿಯವು, ನೀಲಿಯವು, ಕೆಂಪು ಪಟ್ಟಿಯವು, ಹಬ್ಬದ ರಜೆ ಮುಗಿದು ಶಾಲೆ ಶುರುವಾಗುವ ಹೊತ್ತಿಗೆ ಕೊಡಬೇಕಾಗಿದ್ದ ಮಾಲೆಲ್ಲ ಮೇಲೆ ಹೋಗಿ, ಬಹಳ ನಿಧಾನವಾಗಿ ಕೆಳಗಿಳಿಯಿತು. ಹೊಂಗೆಮರದ ಮೇಲೆ, ಕರೆಂಟ್ ತಂತಿಯ ಮೇಲೆ, ಗಿರಣಿಯ ಹೆಂಚಿನ ಮೇಲೆ. ಒಂದು ಮರದ ಕಾಲು ಗಿರಣಿಯ ಕಟ್ಟೆಗೆ ಬಡಿದು ನೆಟ್ಟಗೆ ನಿಂತಿತು.

ಚಿಕ್ಕಪ್ಪ ನಮ್ಮ ಮುಖ ನೋಡಿ ಕೇಳಿದರು, "ಯಾರೋ ಕರೆದಂಗಾತಲ್ಲ?"

ಮೊದಲು ನಕ್ಕವರು ಅಜ್ಜಿ. ನಗುತ್ತಲೇ ಕಟ್ಟೆಯ ಮೇಲೆ ಕುಸಿದು ಕೂತು, ಟವೆಲ್ಲಿನ ತುದಿಯನ್ನು ಮಾತ್ರ ಸಂಜೆಯವರೆಗೆ ಬಿಡಲಿಲ್ಲ.

ಮುಂದಿನ ಒಂದು ವಾರ ನಮ್ಮ ಬೀದಿಯಷ್ಟು ನಗು ಇನ್ನೆಲ್ಲೂ ಇದ್ದಿರಲಾರದು. ಜನ ಒಂದೊಂದೇ ಕಾಲುಚೀಲ ಹಿಡಿದುಕೊಂಡು ಬರುತ್ತಿದ್ದರು. ಒಬ್ಬರ ಬಾವಿಯಲ್ಲಿ ಸಿಕ್ಕಿತು, ಒಬ್ಬರ ಹಪ್ಪಳದ ಜೊತೆ ಒಣಗಿತ್ತು. ಅದೇ ಹೊತ್ತಿಗೆ ಬೀದಿಯಲ್ಲಿ ಹಾದುಹೋದ ಸೊರಬದ ಬಸ್ಸಿನ ಟಾಪಿನ ಮೇಲೆ ನಾಲ್ಕು ಬಿದ್ದಿದ್ದವಂತೆ. ಕಂಡಕ್ಟರು ಮರುದಿನ ತಂದುಕೊಟ್ಟು, "ನಿಮ್ಮ ಕಾಲುಚೀಲ ಟಿಕೆಟ್ ಇಲ್ದೆ ಸೊರಬಕ್ಕೆ ಹೋಗಿ ಬಂದಾವ್ರೀ, ಇದೊಂದ್ಸಲ ಬಿಟ್ಟೀನಿ" ಎಂದರು. ಜಗಲಿಯ ಹೆಂಗಸರು ಜೋಡಿ ಹುಡುಕುತ್ತಾ ಗಂಡು ಹೆಣ್ಣಿನ ಜಾತಕ ಕೂಡಿಸುವ ಮಾತಾಡಿದರು.

ಆ ನಗುವಿನ ನಡುವೆ ನಾನು ಹಿತ್ತಲಿಗೆ ಹೋಗಿ ಮುಚ್ಚಳ ಹುಡುಕಿದೆ. ಕೊಳವೆ ಅದರಲ್ಲೇ ಇತ್ತು. ಮೂತಿ ಹೊಲಿಯುವ ದಬ್ಬಣದಿಂದ ಚುಚ್ಚಿದೆ. ಬೆಂದು ಕಪ್ಪಾಗಿ ಉಬ್ಬಿದ ಅರ್ಧ ಬೆರಳುದ್ದದ ತೊಟ್ಟು ಹೊರಬಂತು. ಅದನ್ನು ಕರ್ಚೀಫಿನಲ್ಲಿ ಸುತ್ತಿ ನನ್ನ ಪೆನ್ನಿನ ಡಬ್ಬಿಯಲ್ಲಿಟ್ಟೆ.

ಸೊರಬದಿಂದ ಬಂದ ಅಪ್ಪ ಕೇಳಿದ್ದು ಒಂದೇ ಮಾತು, "ಊದಿದ್ಯೇನೋ?" ಚಿಕ್ಕಪ್ಪ ಬಹಳ ಹೊತ್ತು ನೆನಪು ಮಾಡಿಕೊಂಡರು. "ಊದಿರ್ತೀನಿ" ಎಂದರು. ಆಮೇಲೆ, "ನೆನಪಿಲ್ಲ" ಎಂದರು. ಕೊನೆಗೆ, "ಊದಿಲ್ಲ ಅನಿಸ್ತೈತೆ. ವಯಸ್ಸಾತು" ಎಂದರು. ಹೇಳಬೇಕಾದ ಹೊತ್ತು ಅದೇ ಆಗಿತ್ತು. ನಾನು ಅಪ್ಪನಿಗೆ ನೀರು ತರಲು ಒಳಗೆ ಹೋದೆ.

ಗೋಡೆಗೆ ಒತ್ತಿ ನಿಂತಿದ್ದ ಮೆಷಿನ್‌ಗಳು ಪುಣ್ಯಕ್ಕೆ ಉಳಿದಿದ್ದವು, ಶೆಡ್ಡಿಗೆ ಹೊಸ ಶೀಟು, ಹೊಸ ಹಬೆ ಪೆಟ್ಟಿಗೆ ಬಂತು. ಕರೆಂಟಿನದ್ದು, ಮುಳ್ಳು ತೋರಿಸುವ ಗಾಜಿನ ಮೀಟರು, ತಾನಾಗಿ ಹಬೆ ಬಿಡುವ ಕವಾಟ, ಎಲ್ಲ ಇದೆ. ಚಿಕ್ಕಪ್ಪ ಅದರ ಕಡೆ ತಿರುಗಿಯೂ ನೋಡಲಿಲ್ಲ. ಮೆಷಿನ್‌ಗಳನ್ನೂ ಮುಟ್ಟಲಿಲ್ಲ. ಶೆಡ್ಡಿನ ಹಿಂದಿನ ಕೋಣೆಯಲ್ಲಿ ಕೂತು ಜೋಡಿ ಮಡಿಚಿ ಚೀಟಿ ಅಂಟಿಸತೊಡಗಿದರು. ಮೂರರಲ್ಲಿ ಹಳೆಯ ಮೆಷಿನ್ ಅವರ ಕೈಗೆ ಮಾತ್ರ ಬಗ್ಗುತ್ತಿದ್ದದ್ದು. ಅದು ಹಿಮ್ಮಡಿಯನ್ನು ಸೊಟ್ಟಗೆ ಹೆಣೆಯತೊಡಗಿತು. ಅಪ್ಪ ಏನು ತಿರುಗಿಸಿದರೂ ನೆಟ್ಟಗಾಗಲಿಲ್ಲ. ಗೋಡೆಯಾಚೆ ಕೂತ ಚಿಕ್ಕಪ್ಪನ ಅಂಗಾಲಿಗೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತಿತ್ತು, ಅವರು ಕಾಲು ಎಳೆದುಕೊಂಡು ಮಣೆಯ ಮೇಲೆ ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ.

ಹೇಳಲು ಎಷ್ಟೋ ಸಲ ಹೋದೆ. ಕಿವಿ ಕೇಳದವರಿಗೆ ಗುಟ್ಟು ಹೇಳುವುದು ಹೇಗೆ? ಅವರಿಗೆ ಕೇಳುವ ಹಾಗೆ ಹೇಳಿದರೆ ಮೂರು ಮನೆಗೆ ಕೇಳುತ್ತದೆ. ಚೀಟಿ ಬರೆದೆ, ಹರಿದೆ. ಚೀಟಿ ಕೊಟ್ಟು ಓಡಿಹೋದರೆ ಹೇಳಿದ ಹಾಗಾಗುವುದಿಲ್ಲ. ಹೀಗೆ ಮತ್ತೆ ನವರಾತ್ರಿ ಬಂತು. ಈ ವರ್ಷ ಪೂಜೆಗೆ ನಾಲ್ಕು ದಿನ ಇರುವಾಗ ಊಟಕ್ಕೆ ಕೂತ ಅಪ್ಪ, ಹಳೇ ಮೆಷಿನ್ ಗುಜರಿಗೆ ಕೊಡೋಣ, ನಾಳೆ ಗಾಡಿ ಬರುತ್ತೆ ಎಂದು ಚಿಕ್ಕಪ್ಪನಿಗೆ ಕೈಸನ್ನೆಯಲ್ಲಿ ಹೇಳಿದರು. ಚಿಕ್ಕಪ್ಪ ತಲೆಯಾಡಿಸಿ, ಅನ್ನ ಕಲಸುವುದನ್ನು ನಿಲ್ಲಿಸಿ, ಮತ್ತೆ ಕಲಸಿದರು.

ಶಾಲೆಗೆ ಇನ್ನೂ ರಜೆ ಶುರುವಾಗಿರಲಿಲ್ಲ, ಆದರೂ ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೋಗಲಿಲ್ಲ. ಪೆನ್ನಿನ ಡಬ್ಬಿ ತಗೊಂಡು ಶೆಡ್ಡಿಗೆ ಹೋದೆ. ಜಗಲಿಯಲ್ಲಿ ಅಜ್ಜಿ, ಹೆಂಗಸರು. ಒಳಗೆ ಮೆಷಿನ್‌ಗಳು. ಹಿಂದಿನ ಕೋಣೆಯಲ್ಲಿ ಚಿಕ್ಕಪ್ಪ. ಮೇನ್ ಸ್ವಿಚ್ಚಿಗೆ ಎರಡೂ ಕೈ ಹಾಕಿ ಕೆಳಗೆಳೆದೆ.

ಬಂದರು. ಬರಿಗಾಲಲ್ಲಿ, ಟವೆಲ್ಲಿಗೆ ಕೈ ಒರೆಸುತ್ತಾ ಬಂದರು. ಬೀದಿಗಿಳಿದು ಗಿರಣಿ ನೋಡಿದರು, ಅದರ ಬೆಲ್ಟು ತಿರುಗುತ್ತಿತ್ತು. ಮುಖ ಬಾಡಿತು. ನಾನು ಎದುರಿಗೆ ಹೋಗಿ ನಿಂತೆ.

"ಚಿಕ್ಕಪ್ಪ, ನೀವು ಮರೆತಿದ್ದಲ್ಲ. ಸೀಟಿ ಕೂರಿಸಿದ್ದು ನಾನು."

"ಹ್ಞಾಂ?"

"ಸೀಟಿ! ಊದದೇ ಕೂರಿಸಿದ್ದು ನಾನು!"

"ಯಾರಿಗೆ ಊಟ?"

ಗಿರಣಿಯವರು ಮೋಟಾರು ನಿಲ್ಲಿಸಿದರು, ಸರಿಯಾಗಿ ಕೇಳಲಿ ಎಂದು. ನಾನು ಕಣ್ಣು ಮುಚ್ಚಿಕೊಂಡು, ಪ್ರಾರ್ಥನೆಯ ಸಾಲಿಗೆ ಕೂಗುವ ಗಂಟಲಿನಲ್ಲಿ ಕೂಗಿದೆ. "ಹೋದ ವರ್ಷ ಕೊಳವೆಗೆ ಹೂ ಇಟ್ಟಿದ್ದು ನಾನು! ತೊಟ್ಟು ಒಳಗೇ ಮುರೀತು! ಅದರ ಮೇಲೆ ಸೀಟಿ ಇಟ್ಟಿದ್ದೂ ನಾನೇ! ತಪ್ಪು ನಂದು, ನಿಮ್ದಲ್ಲ!" ಬೀದಿಯ ಕೊನೆಯ ಮನೆಯವರೂ ಹೊರಗೆ ಬಂದು ನಿಂತರು. ಡಬ್ಬಿ ತೆಗೆದು ಕರಿ ತೊಟ್ಟನ್ನು ಅವರ ಅಂಗೈ ಮೇಲಿಟ್ಟೆ.

ಚಿಕ್ಕಪ್ಪ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಮುರಿದ ಸೂಜಿ ನೋಡುವ ಹಾಗೆ. ಬೆರಳಿನಲ್ಲಿ ಒತ್ತಿ ನೋಡಿದರು. ಆಮೇಲೆ, "ನಾ ಬಂದಾಗ ಸೀಟಿ ಕೂತಿತ್ತು?" ಎಂದು ಕೇಳಿದರು. ಹೂಂ ಎಂದು ತಲೆಯಾಡಿಸಿದೆ. "ಅದಕ್ಕೇ ಊದಲಿಲ್ಲ" ಎಂದು ತಮಗೇ ಹೇಳಿಕೊಂಡರು. ಭುಜ ಸ್ವಲ್ಪ ಇಳಿಯಿತು, ಹೊತ್ತಿದ್ದ ಗಂಟು ಇಳಿಸಿದವರ ಹಾಗೆ. ಜಗಲಿಯಿಂದ ಅಜ್ಜಿ, "ಏನಾದ್ರೂ ಅನ್ನು, ಹೂ ಇಟ್ಟಿದ್ದು ಮಾತ್ರ ಭಾರಿ ಚಂದ ಇತ್ತು" ಎಂದರು.

ಬೈಗುಳಕ್ಕೆ ಕಾದು ನಿಂತಿದ್ದೆ. ಚಿಕ್ಕಪ್ಪ ಒಮ್ಮೆ ಗಿರಣಿಯನ್ನು ನೋಡಿದರು, ಒಮ್ಮೆ ನಮ್ಮ ಶೆಡ್ಡನ್ನು.

"ಹಂಗಾದ್ರೆ ಕರೆಂಟ್ ಹೋಗಿಲ್ಲ?"

"ಇಲ್ಲ. ನಾನೇ ಮೇನ್ ತೆಗೆದೆ."

"ಮತ್ತೆ ಬೀದೀಲಿ ನಿಂತು ಏನ್ ಮಾಡಾಕತ್ತೀವಿ? ಹೋಗಿ ಹಾಕು. ಆ ಹಳೇದು ಎಷ್ಟೋ ತಿಂಗಳಿಂದ ಕುಂಟ್ತೈತೆ, ಕಾಲಲ್ಲಿ ಮುಳ್ಳು ಚುಚ್ಚಿದಂಗಾಗೈತೆ ನಂಗೆ."

ತೊಟ್ಟನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಒಳಗೆ ಹೋದರು. ನಾನು ಮೇನ್ ಹಾಕಿದೆ. ನೆಲ ನಡುಗಿತು. ಅವರು ಹಳೆಯ ಮೆಷಿನ್ನಿನ ಮುಂದೆ ಎರಡೂ ಪಾದ ಊರಿ ಸುಮ್ಮನೆ ನಿಂತರು, ಆಮೇಲೆ ಕೈ ಚಾಚಿ ಒಂದೇ ಒಂದು ಸೂಜಿಯನ್ನು ಮುಟ್ಟಿದರು. ಗುಜರಿಯ ಗಾಡಿ ಬಂದಾಗ ಅಜ್ಜಿಯೇ ಹೊರಗೆ ಹೋಗಿ, ಅವರಿಗೆ ಒಂದು ಲೋಟ ಚಹಾವನ್ನೂ ಡ್ರಮ್ಮಿನ ಹಳೇ ಮುಚ್ಚಳವನ್ನೂ ಕೊಟ್ಟು ಕಳಿಸಿದರು. ಮಧ್ಯಾಹ್ನದ ಹೊತ್ತಿಗೆ ಮೊದಲ ಕಾಲುಚೀಲ ಕೆಳಗಿಳಿದು, ಮೂತಿ ಹೊಲಿಸಿಕೊಂಡು ಮರದ ಕಾಲಿಗೇರಿತು. ತಮ್ಮನ ಐದನೇ ಕ್ಲಾಸು, ಹಿಮ್ಮಡಿ ನೆಟ್ಟಗೆ, ಹೆಬ್ಬೆರಳಿಗೆ ಸ್ವಲ್ಪ ಜಾಗ ಜಾಸ್ತಿ.

ಈ ಸಲದ ಪೂಜೆಯಲ್ಲಿ ಹೂವಿನ ಕೆಲಸ ಮತ್ತೆ ನನಗೇ ಕೊಟ್ಟರು. ಹೊಸ ಹಬೆ ಪೆಟ್ಟಿಗೆಯ ಹತ್ತಿರ ಬಂದಾಗ ಚಿಕ್ಕಪ್ಪ ಅಡ್ಡ ಬಂದು, ಕವಾಟದ ಮೇಲೆ ಅಂಗೈ ಮುಚ್ಚಿ ನಿಂತರು.

"ಇದೊಂದು ಸನ್ಯಾಸಿ. ಇದಕ್ಕೆ ಹೂ ಬೇಡ."